117ನೇ ಧಾತು ಟೆನ್ನೆಸಿನ್: ಆರೇ ಪರಮಾಣು ಸಿಕ್ಕಿದ್ದಕ್ಕೆ ಕಂಡುಹಿಡಿದೆವು ಅನ್ನಬಹುದಾ?

ಕುತೂಹಲಿ
ಆವರ್ತ ಕೋಷ್ಟಕದ ಏಳನೇ ಸಾಲಿನಲ್ಲಿ, ಕೊನೆಯಿಂದ ಎರಡನೇ ಮನೆಯಲ್ಲಿ ಟೆನ್ನೆಸಿನ್ ಇದೆ. ಕ್ಲೋರಿನ್, ಬ್ರೋಮಿನ್, ಅಯೋಡಿನ್, ಅಸ್ಟಟೈನ್ ಇರುವ ಕಂಬದಲ್ಲೇ ಎಲ್ಲಕ್ಕಿಂತ ಕೆಳಗೆ. ಇದರ ಬಗ್ಗೆ ಓದ್ತಾ ಓದ್ತಾ ಒಂದು ಪ್ರಶ್ನೆ ತಲೆಗೆ ಹೊಕ್ಕಿದೆ, ಬಿಡ್ತಾ ಇಲ್ಲ.

2010ರ ಏಪ್ರಿಲ್‌ನಲ್ಲಿ ಇದನ್ನು ಕಂಡುಹಿಡಿದ ಸುದ್ದಿ ಪ್ರಕಟವಾದಾಗ ಲೆಕ್ಕಕ್ಕೆ ಸಿಕ್ಕಿದ್ದು ಆರೇ ಆರು ಪರಮಾಣು. ಅವೂ ಒಟ್ಟಿಗೆ ಸಿಕ್ಕಿದ್ದಲ್ಲ. ತಿಂಗಳುಗಟ್ಟಲೆ ಯಂತ್ರ ಓಡಿಸಿದಾಗ ಆಗೊಂದು ಈಗೊಂದು. ಪ್ರತಿಯೊಂದೂ ಕಣ್ಣು ಮಿಟುಕಿಸುವುದರೊಳಗೆ ಒಡೆದುಹೋಗಿದೆ. ಯಾರೂ ತೂಗಿಲ್ಲ, ಬಣ್ಣ ನೋಡಿಲ್ಲ, ಯಾವುದರ ಜೊತೆಗೂ ಬೆರೆಸಿ ನೋಡಿಲ್ಲ. ಚಿನ್ನ, ಕಬ್ಬಿಣ, ಆಮ್ಲಜನಕದ ಸಾಲಿನಲ್ಲಿ ಇದನ್ನೂ ಕೂರಿಸಿದ್ದಾರೆ.

ತಪ್ಪು ಅಂತ ಹೇಳ್ತಾ ಇಲ್ಲ. ಹೇಗೆ ಅಷ್ಟು ಖಚಿತವಾಗಿ ಹೇಳ್ತಾರೆ ಅಂತ ಅರ್ಥ ಮಾಡಿಕೊಳ್ಳಬೇಕು. ಆರು ಸಲ ಯಂತ್ರಕ್ಕೆ ಏನೋ ಭ್ರಮೆ ಆಗಿರಬಾರದು ಅಂತ ಏನು ಗ್ಯಾರಂಟಿ? ತಿಳಿದವರು ನಿಧಾನಕ್ಕೆ ಬಿಡಿಸಿ ಹೇಳಿ.

ಹಳೇಓದುಗ
ಒಳ್ಳೇ ಪ್ರಶ್ನೆ. ಯಂತ್ರದ ಭ್ರಮೆಗಿಂತ ದೊಡ್ಡ ಅನಾಹುತವೇ ಈ ಕ್ಷೇತ್ರದಲ್ಲಿ ಒಮ್ಮೆ ಆಗಿದೆ. 118ನೇ ಧಾತು ಸಿಕ್ಕಿತು ಅಂತ 1999ರಲ್ಲಿ ಘೋಷಣೆ ಆಗಿ ಆಮೇಲೆ ವಾಪಸ್ ಪಡೆದರು. ಅದರ ಬಗ್ಗೆ ಬರೆಯುತ್ತೇನೆ. ಮೊದಲು ಪತ್ತೆ ಮಾಡುವ ವಿಧಾನ ಯಾರಾದರೂ ಹೇಳಲಿ, ಇಲ್ಲದಿದ್ದರೆ ಆ ಕತೆ ಅರ್ಥ ಆಗಲ್ಲ.

ಲ್ಯಾಬ್‌ಕೋಟ್
ನಾನು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತೆ.

ಮೊದಲು ಕೂಡುವ ಲೆಕ್ಕ. ಕ್ಯಾಲ್ಸಿಯಂನಲ್ಲಿ 20 ಪ್ರೋಟಾನ್, ಬರ್ಕೀಲಿಯಂನಲ್ಲಿ 97. ಎರಡರ ಬೀಜಕೇಂದ್ರಗಳು ಒಂದಾದರೆ 117. ಕಾಗದದ ಮೇಲೆ ಇಷ್ಟೇ. ಆದರೆ ಎರಡೂ ಧನ ವಿದ್ಯುದಂಶ ಇರುವಂಥವು, ಹತ್ತಿರ ಬಂದಷ್ಟೂ ಜೋರಾಗಿ ದೂರ ತಳ್ಳುತ್ತವೆ. ಹಾಗಾಗಿ ಕ್ಯಾಲ್ಸಿಯಂ ಅನ್ನು ಬೆಳಕಿನ ವೇಗದ ಸುಮಾರು ಹತ್ತನೇ ಒಂದು ಭಾಗದಷ್ಟು ವೇಗಕ್ಕೆ ಏರಿಸಿ ಹೊಡೆಯಬೇಕು. ಕಡಿಮೆ ವೇಗ ಆದರೆ ಅಂಟುವುದಿಲ್ಲ. ಜಾಸ್ತಿ ಆದರೆ ಅಂಟಿದ್ದೂ ಬಿಸಿಯಾಗಿ ಒಡೆದುಹೋಗುತ್ತದೆ. ಸರಿಯಾದ ವೇಗದಲ್ಲಿ ಹೊಡೆದರೂ ಬಹುಪಾಲು ಡಿಕ್ಕಿಗಳಲ್ಲಿ ಎರಡು ಹೋಳಾಗಿ ಚೆಲ್ಲಿಹೋಗುತ್ತದೆ. ರಷ್ಯಾದ ಡುಬ್ನಾದಲ್ಲಿ ಸೆಕೆಂಡಿಗೆ ಲಕ್ಷ ಕೋಟಿಗಟ್ಟಲೆ ಕ್ಯಾಲ್ಸಿಯಂ ಕಣ ಹೊಡೆಯುತ್ತಿದ್ದರು. ಒಟ್ಟು ಹೊಡೆದದ್ದು 1ರ ಮುಂದೆ 19 ಸೊನ್ನೆ ಹಾಕಿದರೂ ಮೀರುವಷ್ಟು. ಅದರಲ್ಲಿ ಸಿಕ್ಕಿದ್ದು ಆರು.

ಈಗ ಈ ಆರನ್ನು ಹುಡುಕುವುದು ಹೇಗೆ? ಡಿಕ್ಕಿ ಆದಮೇಲೆ ಹೊಸ ಬೀಜಕೇಂದ್ರ ಬರ್ಕೀಲಿಯಂ ಲೇಪಿಸಿದ ಗುರಿಫಲಕದಿಂದ ಹೊರಗೆ ಹಾರುತ್ತದೆ. ಅದರ ಜೊತೆ ಡಿಕ್ಕಿಯೇ ಆಗದ ಕ್ಯಾಲ್ಸಿಯಂ ಕಣಗಳು, ಚೂರುಪಾರು ಎಲ್ಲ ಬರುತ್ತವೆ. ದಾರಿಯಲ್ಲಿ ಸ್ವಲ್ಪ ಹೈಡ್ರೋಜನ್ ತುಂಬಿದ ಕೋಣೆ, ಅದರ ಸುತ್ತ ಅಯಸ್ಕಾಂತ. ಭಾರವಾದ ನಿಧಾನದ ಕಣ ಒಂದು ದಾರಿ ಹಿಡಿಯುತ್ತದೆ, ಹಗುರವಾದ ವೇಗದ ಕಣ ಇನ್ನೊಂದು ದಾರಿ. ಬೇಕಾದದ್ದು ಮಾತ್ರ ಕೊನೆಯಲ್ಲಿರುವ ಸಿಲಿಕಾನ್ ಡಿಟೆಕ್ಟರಿಗೆ ಹೋಗಿ ನೆಟ್ಟುಕೊಳ್ಳುತ್ತದೆ. ಇದಕ್ಕೆ ಹಿಡಿಯುವುದು ಸೆಕೆಂಡಿನ ಹತ್ತು ಲಕ್ಷದ ಒಂದೆರಡು ಭಾಗ ಅಷ್ಟೇ.

ನೆಟ್ಟ ಜಾಗ, ನೆಟ್ಟ ಸಮಯ ಎರಡೂ ದಾಖಲಾಗುತ್ತವೆ. ಆಮೇಲೆ ಅದೇ ಜಾಗದಲ್ಲಿ ಕಾಯುವುದು. ಟೆನ್ನೆಸಿನ್-293 (293 ಅಂದರೆ ಪ್ರೋಟಾನ್, ನ್ಯೂಟ್ರಾನ್ ಎರಡೂ ಸೇರಿದ ಸಂಖ್ಯೆ) ಆದರೆ ಕೆಲವು ಮಿಲಿಸೆಕೆಂಡಿನಲ್ಲಿ ಒಂದು ಆಲ್ಫಾ ಕಣ ಹೊರಬರುತ್ತದೆ, ಶಕ್ತಿ ಸುಮಾರು 11 ಮಿಲಿಯನ್ ಎಲೆಕ್ಟ್ರಾನ್‌ವೋಲ್ಟ್. ಆಲ್ಫಾ ಅಂದರೆ 2 ಪ್ರೋಟಾನ್, 2 ನ್ಯೂಟ್ರಾನ್. ಹಾಗಾಗಿ ಉಳಿದದ್ದು 115, ಅಂದರೆ ಮಾಸ್ಕೋವಿಯಂ. ಅದು ಸೆಕೆಂಡಿನ ಮೂರನೇ ಒಂದು ಭಾಗದ ಆಸುಪಾಸಿನಲ್ಲಿ ಇನ್ನೊಂದು ಆಲ್ಫಾ ಬಿಟ್ಟು 113, ನಿಹೋನಿಯಂ ಆಗುತ್ತದೆ. ಅದು ನಾಲ್ಕೈದು ಸೆಕೆಂಡ್ ಇದ್ದು 111, ರಾಂಟ್ಜೆನಿಯಂ. ಅಲ್ಲಿಗೆ ಬಂದಮೇಲೆ ಆಲ್ಫಾ ನಿಂತು, ಬೀಜಕೇಂದ್ರ ಎರಡಾಗಿ ಸೀಳಿ ಕತೆ ಮುಗಿಯುತ್ತದೆ. ಇಷ್ಟೂ ನಡೆಯುವುದು ಡಿಟೆಕ್ಟರಿನ ಅದೇ ಚುಕ್ಕೆಯಲ್ಲಿ.

ಆಕಸ್ಮಿಕವಾಗಿ ಒಂದು ಆಲ್ಫಾ ಕಾಣಿಸಬಹುದು. ಆದರೆ ಒಂದೇ ಚುಕ್ಕೆಯಲ್ಲಿ, ಒಂದರ ಹಿಂದೆ ಒಂದು, ಪ್ರತಿಯೊಂದೂ ತನಗೆ ತಕ್ಕ ಶಕ್ತಿಯಲ್ಲಿ, ತನಗೆ ತಕ್ಕ ಸಮಯಕ್ಕೆ, ಕೊನೆಗೆ ಒಂದು ವಿದಳನ. ಇಂಥ ಸರಣಿ ಐದು ಸಲ ಒಂದೇ ಥರ ಬಂದರೆ ಅದನ್ನು ಆಕಸ್ಮಿಕ ಅನ್ನಲು ಜಾಗ ಉಳಿಯುವುದಿಲ್ಲ. ಇನ್ನೂ ಒಂದು ಎಚ್ಚರಿಕೆ ಇದೆ. ಭಾರದ ಕಣ ನೆಟ್ಟು, ನಿರೀಕ್ಷಿಸಿದ ಶಕ್ತಿಯ ಮೊದಲ ಆಲ್ಫಾ ಬಂದ ಕೂಡಲೇ ವೇಗವರ್ಧಕದ ಕಿರಣ ತಾನಾಗಿ ನಿಲ್ಲುತ್ತದೆ. ಮುಂದಿನ ಆಲ್ಫಾಗಳು ಪೂರ್ತಿ ಸದ್ದಿಲ್ಲದ ಹೊತ್ತಿನಲ್ಲಿ ಬರುತ್ತವೆ. ಆ ಮೌನದಲ್ಲಿ ಕೇಳಿಸಿದ್ದು ಗದ್ದಲ ಆಗಿರಲು ಸಾಧ್ಯವಿಲ್ಲ.

ಕುತೂಹಲಿ
ತುಂಬಾ ಥ್ಯಾಂಕ್ಸ್, ಈಗ ಚಿತ್ರ ಕಣ್ಣಿಗೆ ಕಟ್ಟಿತು. ಆದರೂ ಒಂದು ಅನುಮಾನ. ಸರಣಿ ನಿಜ ಅಂತ ಒಪ್ಪಿದೆ. ಆದರೆ ಅದು 117ರಿಂದಲೇ ಶುರುವಾಯಿತು ಅಂತ ಹೇಗೆ ಗೊತ್ತು? ಕೊನೆಯ ಕೊಂಡಿ ರಾಂಟ್ಜೆನಿಯಂ-281 ಒಡೆದು ಚೂರಾಯಿತು. ಅದೂ ಅದಕ್ಕೂ ಮೊದಲು ಯಾರಿಗೂ ಸರಿಯಾಗಿ ಗೊತ್ತಿಲ್ಲದ ಬೀಜಕೇಂದ್ರ. ಕೊನೆ ಗೊತ್ತಿದ್ದರೆ ಹಿಂದಕ್ಕೆ ಎಣಿಸಬಹುದು. ಎರಡು ತುದಿಯೂ ಗೊತ್ತಿಲ್ಲದಿದ್ದರೆ?

ಬೀಟಾಕಿರಣ
ಸರಿಯಾದ ಜಾಗಕ್ಕೇ ಕೈ ಹಾಕಿದಿರಿ. ಡುಬ್ನಾದವರ ಕೆಲಸಕ್ಕೆ ವರ್ಷಗಟ್ಟಲೆ ಎದುರಾದ ಆಕ್ಷೇಪ ಇದೇ.

ಜಪಾನಿನ ರಿಕೆನ್ ಸಂಸ್ಥೆ 113 ಮಾಡಿದಾಗ ಈ ತೊಂದರೆ ಇರಲಿಲ್ಲ. ಅವರು ಬಿಸ್ಮತ್‌ಗೆ ಸತು ಹೊಡೆದರು. 2004, 2005, 2012, ಒಟ್ಟು ಮೂರು ಪರಮಾಣು ಅಷ್ಟೇ. ಆದರೆ ಅವುಗಳ ಸರಣಿ ಕೆಳಗಿಳಿದು ಚೆನ್ನಾಗಿ ಗೊತ್ತಿರುವ ಬೋರಿಯಂ, ಡುಬ್ನಿಯಂ ಐಸೊಟೋಪ್‌ಗಳಿಗೆ (ಅದೇ ಧಾತು, ನ್ಯೂಟ್ರಾನ್ ಸಂಖ್ಯೆ ಮಾತ್ರ ಬೇರೆ ಇರುವ ರೂಪಗಳು) ಸೇರಿತು. ಅಲ್ಲಿಂದ ಹಿಂದಕ್ಕೆ ಎಣಿಸಿದರೆ 113. ಕ್ಯಾಲ್ಸಿಯಂ-48 ಬಳಸಿ ಮಾಡಿದ ಬೀಜಕೇಂದ್ರಗಳಲ್ಲಿ ನ್ಯೂಟ್ರಾನ್ ಜಾಸ್ತಿ, ಅವು ಗೊತ್ತಿರುವ ಪ್ರದೇಶಕ್ಕೆ ಬರುವ ಮೊದಲೇ ಒಡೆದುಹೋಗುತ್ತವೆ. ಸರಣಿ ಗಾಳಿಯಲ್ಲಿ ತೂಗಾಡಿದ ಹಾಗೆ.

ಇದಕ್ಕೆ ಕಂಡುಕೊಂಡ ಉಪಾಯ ನನಗೆ ಬಹಳ ಇಷ್ಟ. ಸರಣಿಯ ಮಧ್ಯದ ಒಂದು ಕೊಂಡಿಯನ್ನು ಬೇರೆ ದಾರಿಯಲ್ಲಿ ನೇರವಾಗಿ ತಯಾರಿಸುವುದು. ಅಮೆರಿಸಿಯಂ-243ಕ್ಕೆ ಕ್ಯಾಲ್ಸಿಯಂ-48 ಹೊಡೆಯಿರಿ. 95 ಮತ್ತು 20 ಸೇರಿ 115. ಎರಡು ನ್ಯೂಟ್ರಾನ್ ಬಿಟ್ಟುಕೊಟ್ಟರೆ ಸಿಗುವುದು ಮಾಸ್ಕೋವಿಯಂ-289. ಟೆನ್ನೆಸಿನ್-293 ಒಂದು ಆಲ್ಫಾ ಬಿಟ್ಟಮೇಲೆ ಆಗುವುದೂ ಅದೇ ಮಾಸ್ಕೋವಿಯಂ-289. ಡುಬ್ನಾದಲ್ಲಿ 2010ರ ನಂತರ ಇದನ್ನು ಮಾಡಿದರು. ನೇರವಾಗಿ ಹುಟ್ಟಿದ 289, ಟೆನ್ನೆಸಿನ್‌ನಿಂದ ಇಳಿದು ಬಂದ 289, ಎರಡೂ ಒಂದೇ ಥರ ನಡೆದುಕೊಂಡವು. ಅದೇ ಶಕ್ತಿ, ಅದೇ ಕಾಲ, ಮುಂದಿನ ಮಕ್ಕಳೂ ಅವೇ. ಇದು 115 ಆದರೆ ಅದರ ತಾಯಿ 117 ಆಗಲೇಬೇಕು.

ಕಿರಣದ ಶಕ್ತಿ ಬದಲಿಸಿಯೂ ನೋಡಿದ್ದರು. ಕ್ಯಾಲ್ಸಿಯಂ 48, ಬರ್ಕೀಲಿಯಂ 249, ಸೇರಿದರೆ 297. 252 ಮಿಲಿಯನ್ ಎಲೆಕ್ಟ್ರಾನ್‌ವೋಲ್ಟ್‌ನಲ್ಲಿ ಹೊಡೆದಾಗ ನಾಲ್ಕು ನ್ಯೂಟ್ರಾನ್ ಹಾರಿ 293 ಸಿಕ್ಕಿತು, ಐದು ಸಲ. ಸ್ವಲ್ಪ ಕಡಿಮೆ ಮಾಡಿ 247ಕ್ಕೆ ಇಳಿಸಿದಾಗ ಮೂರೇ ನ್ಯೂಟ್ರಾನ್ ಹಾರಿ 294 ಸಿಕ್ಕಿತು, ಒಂದು ಸಲ. ಶಕ್ತಿ ಇಳಿಸಿದರೆ ಕಡಿಮೆ ನ್ಯೂಟ್ರಾನ್ ಹಾರಬೇಕು ಅನ್ನುವುದು ಮೊದಲೇ ಗೊತ್ತಿದ್ದ ವಿಷಯ. ಹಾಗೇ ಆಯಿತು.

ರಸಾಯನಪ್ರಿಯೆ
ಬರ್ಕೀಲಿಯಂ ಎಲ್ಲಿಂದ ಬಂತು ಅಂತಲೂ ಯಾರಾದರೂ ಬರೆಯಿರಿ. ಅದೇ ಈ ಕತೆಯ ಜೀವ ಅಂತ ನನಗೆ ಅನ್ನಿಸುತ್ತೆ.

ಬೀಟಾಕಿರಣ
ಹೌದು, ಅದನ್ನು ಬಿಟ್ಟರೆ ಅನ್ಯಾಯ.

ಬರ್ಕೀಲಿಯಂ-249 ಪ್ರಕೃತಿಯಲ್ಲಿ ಸಿಗುವುದಿಲ್ಲ, ರಿಯಾಕ್ಟರಿನಲ್ಲೇ ತಯಾರಾಗಬೇಕು. ಅಮೆರಿಕದ ಟೆನ್ನೆಸಿ ರಾಜ್ಯದ ಓಕ್ ರಿಡ್ಜ್ ಪ್ರಯೋಗಾಲಯದಲ್ಲಿ ಅದಕ್ಕೆ ತಕ್ಕ ಹೈ ಫ್ಲಕ್ಸ್ ಐಸೊಟೋಪ್ ರಿಯಾಕ್ಟರ್ ಇದೆ. ಆದರೆ ಈ ಒಂದು ಪ್ರಯೋಗಕ್ಕೆ ಅಂತ ರಿಯಾಕ್ಟರ್ ಓಡಿಸಿ ಬರ್ಕೀಲಿಯಂ ಮಾಡುವುದು ತುಂಬಾ ದುಬಾರಿ. ಡುಬ್ನಾ ತಂಡದ ಮುಖ್ಯಸ್ಥ ಯೂರಿ ಒಗನೆಸಿಯಾನ್ ಕೇಳಿ ಕಾದರು. ಕ್ಯಾಲಿಫೋರ್ನಿಯಂ-252 ಉದ್ಯಮಗಳಿಗೆ ಬೇಕಾಗುವ ವಸ್ತು. ಅದನ್ನು ಮಾಡುವಾಗ ಜೊತೆಯಲ್ಲೇ ಬರ್ಕೀಲಿಯಂ ಕೂಡ ಸ್ವಲ್ಪ ಹುಟ್ಟುತ್ತದೆ. 2008ರಲ್ಲಿ ಕ್ಯಾಲಿಫೋರ್ನಿಯಂ ತಯಾರಿ ಮತ್ತೆ ಶುರುವಾಯಿತು, ಆಗ ದಾರಿ ತೆರೆಯಿತು.

ರಿಯಾಕ್ಟರಿನಲ್ಲಿ ಸುಮಾರು 250 ದಿನ. ಹೊರಗೆ ತೆಗೆದಮೇಲೆ ವಿಪರೀತ ವಿಕಿರಣ ಇಳಿಯಲು 90 ದಿನ. ಬೇರೆ ಬೇರೆ ಧಾತುಗಳಿಂದ ಬೇರ್ಪಡಿಸಿ ಶುದ್ಧ ಮಾಡಲು ಇನ್ನೂ 90 ದಿನ. ಕೊನೆಗೆ ಕೈಗೆ ಬಂದದ್ದು 22 ಮಿಲಿಗ್ರಾಂ. ಒಂದು ಸಣ್ಣ ಸೀಸೆಯ ತಳದಲ್ಲಿ ತಿಳಿ ಹಸಿರು ದ್ರಾವಣ. ಅಷ್ಟರಲ್ಲಿ ಗಡಿಯಾರ ಓಡಲು ಶುರುವಾಗಿತ್ತು, ಯಾಕೆಂದರೆ ಅದರ ಅರ್ಧಾಯುಷ್ಯ ಸುಮಾರು 330 ದಿನ. ಒಂದು ವರ್ಷ ಸುಮ್ನೆ ಇಟ್ಟರೆ ಅರ್ಧಕ್ಕಿಂತ ಜಾಸ್ತಿ ಮಾಯ.

2009ರ ಬೇಸಿಗೆಯಲ್ಲಿ ಅದನ್ನು ಸೀಸದ ಡಬ್ಬಿಗಳಲ್ಲಿ ಇಟ್ಟು ನ್ಯೂಯಾರ್ಕಿನಿಂದ ಮಾಸ್ಕೋಗೆ ವಿಮಾನದಲ್ಲಿ ಕಳಿಸಿದರು. ಕಾಗದಪತ್ರ ಸರಿಯಿಲ್ಲ ಅಂತ ರಷ್ಯಾದ ಕಸ್ಟಮ್ಸ್ ವಾಪಸ್ ಕಳಿಸಿತು. ಮತ್ತೆ ಹೋಯಿತು, ಮತ್ತೆ ವಾಪಸ್. ಹೀಗೆ ಆ ಡಬ್ಬಿಗಳು ಅಟ್ಲಾಂಟಿಕ್ ಸಾಗರವನ್ನು ಐದು ಸಲ ದಾಟಿದವು. ದಿನ ಕಳೆದ ಹಾಗೆ ಒಳಗಿನ ವಸ್ತು ಕರಗುತ್ತಿದೆ. ಆ ದಿನಗಳಲ್ಲಿ ಎರಡೂ ಕಡೆಯವರು ಹೇಗೆ ಉಸಿರು ಬಿಗಿಹಿಡಿದಿರಬೇಕು ಅಂತ ಯೋಚಿಸಿದರೆ ಇವತ್ತಿಗೂ ಎದೆ ಬಡಿದುಕೊಳ್ಳುತ್ತೆ.

ಕೊನೆಗೆ ರಷ್ಯಾದ ಡಿಮಿಟ್ರೊವ್‌ಗ್ರಾಡ್‌ನಲ್ಲಿ ಟೈಟಾನಿಯಂ ಹಾಳೆಯ ಮೇಲೆ ಅದನ್ನು ತೆಳುವಾಗಿ ಲೇಪಿಸಿ ಗುರಿಫಲಕ ಮಾಡಿದರು. ಜುಲೈ ಕೊನೆಗೆ ಡುಬ್ನಾದಲ್ಲಿ ಕ್ಯಾಲ್ಸಿಯಂ ಕಿರಣ ಹಚ್ಚಿದರು. ಆ ಕ್ಯಾಲ್ಸಿಯಂ ಕೂಡ ಸಾಮಾನ್ಯದ್ದಲ್ಲ. ಪ್ರಕೃತಿಯ ಕ್ಯಾಲ್ಸಿಯಂನಲ್ಲಿ 48ರ ಪಾಲು ಶೇಕಡಾ 0.2ಕ್ಕಿಂತ ಕಡಿಮೆ. 20 ಪ್ರೋಟಾನ್‌ಗೆ 28 ನ್ಯೂಟ್ರಾನ್ ಇರುವ ಬೀಜಕೇಂದ್ರ ಅದು. ಇಷ್ಟು ಹಗುರವಾಗಿದ್ದೂ ಇಷ್ಟು ನ್ಯೂಟ್ರಾನ್ ಹೊತ್ತು ಗಟ್ಟಿಯಾಗಿರುವಂಥದ್ದು ಬೇರೆ ಸಿಗುವುದು ಕಷ್ಟ. ಈ ಕ್ಷೇತ್ರದ ಅರ್ಧ ಇತಿಹಾಸ ಆ ಒಂದು ಐಸೊಟೋಪಿನ ಮೇಲೆ ನಿಂತಿದೆ.

ಲೆಕ್ಕಿಗ
ಬರ್ಕೀಲಿಯಂ ಕರಗಿ ಏನಾಗುತ್ತೆ ಅಂತ ಯಾರೂ ಹೇಳಲಿಲ್ಲ. ಬೀಟಾ ಕ್ಷಯ ಆಗಿ, ಅಂದರೆ ಒಂದು ನ್ಯೂಟ್ರಾನ್ ಪ್ರೋಟಾನ್ ಆಗಿ ಬದಲಾಗಿ, ಕ್ಯಾಲಿಫೋರ್ನಿಯಂ-249 ಆಗುತ್ತೆ, 98ನೇ ಧಾತು. ಅಂದರೆ ಗುರಿಫಲಕ ಹಳೆಯದಾದಷ್ಟೂ ಅದರಲ್ಲಿ ಕ್ಯಾಲಿಫೋರ್ನಿಯಂ ಜಾಸ್ತಿ. 98 ಮತ್ತು 20 ಸೇರಿದರೆ 118, ಅಲ್ವಾ?

ಬೀಟಾಕಿರಣ
ಅದು ನಿಜವಾಗಿಯೂ ನಡೆದಿದೆ! 2012ರಲ್ಲಿ ಡುಬ್ನಾದವರು ಬರ್ಕೀಲಿಯಂ ಪ್ರಯೋಗವನ್ನು ಮತ್ತೆ ಮಾಡಿದರು. ಟೆನ್ನೆಸಿನ್ ಪರಮಾಣುಗಳು ಮತ್ತೆ ಸಿಕ್ಕವು. ಅವುಗಳ ಮಧ್ಯೆ ಒಂದು ಒಗನೆಸಾನ್-294, ಅಂದರೆ 118ನೇ ಧಾತು ಕೂಡ ಬಂತು. ಗುರಿಫಲಕದಲ್ಲಿ ತಾನಾಗಿ ಬೆಳೆದಿದ್ದ ಕ್ಯಾಲಿಫೋರ್ನಿಯಂನಿಂದ ಹುಟ್ಟಿದ್ದು ಅದು. ಕೆಲವು ವರ್ಷ ಹಿಂದೆ ಅದೇ ತಂಡ ಕ್ಯಾಲಿಫೋರ್ನಿಯಂ ಗುರಿಯಿಂದಲೇ ಮಾಡಿದ್ದ 118ರ ಸರಣಿಗೆ ಅದು ಹೊಂದಿತು.

ಹಳೇಓದುಗ
ಈಗ ನನ್ನ ಸರದಿ. ಇಷ್ಟೆಲ್ಲ ಕಟ್ಟುನಿಟ್ಟು ಯಾಕೆ ಬೇಕು ಅನ್ನುವುದಕ್ಕೆ 1999ರ ಘಟನೆ ಓದಬೇಕು.

ಅಮೆರಿಕದ ಬರ್ಕ್ಲಿಯ ಪ್ರಯೋಗಾಲಯದವರು ಸೀಸಕ್ಕೆ ಕ್ರಿಪ್ಟಾನ್ ಹೊಡೆದು 118 ಸಿಕ್ಕಿತು ಅಂತ ಘೋಷಿಸಿದರು. ಮೂರು ಸರಣಿ ತೋರಿಸಿದ್ದರು. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿರುವ ಜಿಎಸ್‌ಐನವರು ಅದನ್ನೇ ಮಾಡಿ ನೋಡಿದರು, ಏನೂ ಸಿಗಲಿಲ್ಲ. ಜಪಾನಿನಲ್ಲೂ ಸಿಗಲಿಲ್ಲ. ಬರ್ಕ್ಲಿಯವರೇ ಮತ್ತೆ ಮಾಡಿದರು, ಆಗಲೂ ಇಲ್ಲ. ಮೂಲ ದತ್ತಾಂಶ ತೆರೆದು ನೋಡಿದಾಗ ಆ ಸರಣಿಗಳೇ ಅಲ್ಲಿರಲಿಲ್ಲ. 2001ರಲ್ಲಿ ಪ್ರಬಂಧ ವಾಪಸ್ ಪಡೆಯುವುದಾಗಿ ಹೇಳಿದರು. ಆಂತರಿಕ ತನಿಖೆಯಲ್ಲಿ ದತ್ತಾಂಶವನ್ನು ಬೇಕಂತಲೇ ಸೃಷ್ಟಿಸಲಾಗಿತ್ತು ಅನ್ನುವ ತೀರ್ಮಾನಕ್ಕೆ ಬಂದರು.

ಇದನ್ನು ಓದಿ ವಿಜ್ಞಾನವೇ ಮೋಸ ಅನ್ನುವವರನ್ನು ನೋಡಿದ್ದೇನೆ. ನನಗೆ ಕಾಣುವುದು ಬೇರೆ. ಸುಳ್ಳನ್ನು ಹಿಡಿದದ್ದು ಅದೇ ಕೆಲಸ ಮಾಡುವ ಬೇರೆ ಬೇರೆ ದೇಶದ ಲ್ಯಾಬ್‌ಗಳು. ಸ್ವತಃ ಬರ್ಕ್ಲಿಯವರು ತಮ್ಮ ಹೆಸರಿಗೆ ಕಪ್ಪು ಬಂದರೂ ಸರಿ ಅಂತ ತೆರೆದು ತೋರಿಸಿದರು. ಕುತೂಹಲಿ ಅವರ ಮೂಲ ಪ್ರಶ್ನೆಗೆ ನನ್ನ ಉತ್ತರ ಇಲ್ಲೇ ಇದೆ. ಆರು ಪರಮಾಣು ಸಾಕಾ ಅಂದರೆ, ಒಂದೇ ಲ್ಯಾಬಿನಲ್ಲಿ ಮಾತ್ರ ಸಿಕ್ಕಿದ್ದರೆ ಸಾಲದು. ಇನ್ನೊಬ್ಬರು ಬೇರೆ ಯಂತ್ರದಲ್ಲಿ ಮಾಡಿದಾಗಲೂ ಅದೇ ಬಂದರೆ ಸಾಕು.

ಟೆನ್ನೆಸಿನ್ ವಿಷಯದಲ್ಲಿ ಅದೂ ಆಗಿದೆ. ಓಕ್ ರಿಡ್ಜ್ ಮತ್ತೆ ಬರ್ಕೀಲಿಯಂ ತಯಾರಿಸಿ ಜರ್ಮನಿಗೆ ಕಳಿಸಿತು. ಜಿಎಸ್‌ಐನವರು ತಮ್ಮ ಟಾಸ್ಕಾ ಅನ್ನುವ ಉಪಕರಣದಲ್ಲಿ ಟೆನ್ನೆಸಿನ್-294ರ ಎರಡು ಸರಣಿ ಕಂಡರು, 2014ರಲ್ಲಿ ಪ್ರಕಟಿಸಿದರು.

ಲ್ಯಾಬ್‌ಕೋಟ್
ಆ ಜಿಎಸ್‌ಐ ಪ್ರಯೋಗದಲ್ಲಿ ಇನ್ನೂ ಒಂದು ಚೆಂದದ ವಿಷಯ ಇದೆ. 294ರ ಸರಣಿ ಉದ್ದದ್ದು. ಟೆನ್ನೆಸಿನ್, ಮಾಸ್ಕೋವಿಯಂ, ನಿಹೋನಿಯಂ, ರಾಂಟ್ಜೆನಿಯಂ, ಮೈಟ್ನೀರಿಯಂ, ಬೋರಿಯಂ, ಡುಬ್ನಿಯಂ ಅಂತ ಇಳಿಯುತ್ತಾ ಬರುತ್ತದೆ. ಡುಬ್ನಿಯಂ-270 ಅಲ್ಲೇ ಒಡೆಯುತ್ತೆ ಅಂದುಕೊಂಡಿದ್ದರು. ಜಿಎಸ್‌ಐನವರು ಅದು ಇನ್ನೊಂದು ಆಲ್ಫಾ ಬಿಡುವುದನ್ನೂ ನೋಡಿದರು. ಆಗ ಸಿಕ್ಕಿದ್ದು ಲಾರೆನ್ಸಿಯಂ-266, ಅದುವರೆಗೆ ಯಾರಿಗೂ ಗೊತ್ತಿರದ ಐಸೊಟೋಪ್. ಅದರ ಅರ್ಧಾಯುಷ್ಯ ಸುಮಾರು 11 ಗಂಟೆ. ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಬದುಕುವ ತಾಯಿಯ ವಂಶದಲ್ಲಿ ಅರ್ಧ ದಿನ ಬದುಕುವ ಕೂಸು! ಅಷ್ಟು ಹೊತ್ತು ಅದೇ ಚುಕ್ಕೆಯ ಮೇಲೆ ಕಣ್ಣಿಟ್ಟು ಕಾದಿದ್ದಾರೆ.

ಕುತೂಹಲಿ
ಇಷ್ಟು ಹೊತ್ತು ಪರಮಾಣು ಹೇಗೆ ಸಾಯುತ್ತೆ ಅಂತ ಮಾತಾಡಿದೆವು. ಅದು ಇರುವಾಗ ಹೇಗಿರುತ್ತೆ? ಅಯೋಡಿನ್ ಕೆಳಗೆ ಇದೆ ಅಂದಮೇಲೆ ಇದೂ ಹ್ಯಾಲೊಜನ್ ತಾನೇ? ಸೋಡಿಯಂ ಜೊತೆ ಸೇರಿ ಉಪ್ಪು ಆಗಬೇಕು ಅಲ್ವಾ?

ರಸಾಯನಪ್ರಿಯೆ
ಇದು ನನ್ನ ಇಷ್ಟದ ವಿಷಯ. ಲೆಕ್ಕಾಚಾರಗಳು ಹೇಳುವುದು ನೋಡಿದರೆ ಹ್ಯಾಲೊಜನ್ ಗುಣ ಇದರಲ್ಲಿ ಬಹಳ ಕಡಿಮೆ. ಪ್ರಯೋಗ ಮಾಡಿ ನೋಡಿದ್ದಲ್ಲ, ಎಲ್ಲ ಸಿದ್ಧಾಂತದ ಲೆಕ್ಕ, ಅದನ್ನು ಮೊದಲೇ ಹೇಳುತ್ತೇನೆ.

ಹ್ಯಾಲೊಜನ್ ಅಂದರೆ ಒಂದು ಎಲೆಕ್ಟ್ರಾನ್‌ಗಾಗಿ ಹಪಹಪಿಸುವ ಧಾತು. ಆ ಹಸಿವನ್ನು ಅಳೆಯಬಹುದು. ಒಂದು ಎಲೆಕ್ಟ್ರಾನ್ ಸಿಕ್ಕಾಗ ಬಿಡುಗಡೆ ಆಗುವ ಶಕ್ತಿ ಕ್ಲೋರಿನ್‌ನಲ್ಲಿ 3.6 ಎಲೆಕ್ಟ್ರಾನ್‌ವೋಲ್ಟ್, ಅಯೋಡಿನ್‌ನಲ್ಲಿ 3.06, ಅಸ್ಟಟೈನ್‌ನಲ್ಲಿ 2.4. ಟೆನ್ನೆಸಿನ್‌ಗೆ ಲೆಕ್ಕ ಹಾಕಿದರೆ ಎರಡಕ್ಕಿಂತಲೂ ಕೆಳಗೆ. ಎಲೆಕ್ಟ್ರಾನ್ ಕಸಿದುಕೊಳ್ಳುವುದಕ್ಕಿಂತ ಬಿಟ್ಟುಕೊಡುವುದೇ ಇದಕ್ಕೆ ಸುಲಭ ಅಂತ ಕಾಣುತ್ತೆ. +1, +3 ಸ್ಥಿತಿಗಳು ಇದಕ್ಕೆ ಹೆಚ್ಚು ಒಗ್ಗುತ್ತವೆ ಅನ್ನುವ ಅಂದಾಜು ಇದೆ. ಒಂದು ಚೂರು ಸಿಕ್ಕರೆ ಅದು ಲೋಹದ ಹಾಗೆ ಅಥವಾ ಅರೆಲೋಹದ ಹಾಗೆ ಇರಬಹುದು.

ಕಾರಣ ಸಾಪೇಕ್ಷತೆ. ಐನ್‌ಸ್ಟೈನ್ ಹೇಳಿದ್ದು ನಕ್ಷತ್ರಗಳಿಗೆ ಮಾತ್ರ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಒಂದು ಸರಳ ಅಂದಾಜು ಇದೆ. ಅತಿ ಒಳಗಿನ ಎಲೆಕ್ಟ್ರಾನಿನ ವೇಗ ತಿಳಿಯಲು ಪರಮಾಣು ಸಂಖ್ಯೆಯನ್ನು 137ರಿಂದ ಭಾಗಿಸಿ. ಚಿನ್ನ 79, ಭಾಗಿಸಿದರೆ ಬೆಳಕಿನ ವೇಗದ ಶೇಕಡಾ 58. ಚಿನ್ನಕ್ಕೆ ಹಳದಿ ಬಣ್ಣ ಬಂದಿರುವುದೇ ಇದರ ಪರಿಣಾಮದಿಂದ. ಟೆನ್ನೆಸಿನ್ 117, ಅಂದರೆ ಶೇಕಡಾ 85! ಆ ವೇಗದಲ್ಲಿ ಎಲೆಕ್ಟ್ರಾನ್ ಭಾರ ಹೆಚ್ಚಾದ ಹಾಗೆ ವರ್ತಿಸುತ್ತೆ, ಅದರ ಕಕ್ಷೆ ಒಳಕ್ಕೆ ಕುಗ್ಗುತ್ತೆ. ಹೊರಗಿನ ಪದರಗಳ ಲೆಕ್ಕಾಚಾರವೇ ಏರುಪೇರಾಗುತ್ತೆ.

ಹೊರಗಿನ ಕವಚದ 7ಪಿ ಕಕ್ಷೆಗಳನ್ನು ನೋಡಿ. ಅಯೋಡಿನ್‌ನಂಥ ಹಗುರ ಧಾತುಗಳಲ್ಲಿ ಮೂರೂ ಪಿ ಕಕ್ಷೆಗಳು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಇರುತ್ತವೆ. ಇಲ್ಲಿ ಅವು ಎರಡು ಗುಂಪಾಗಿ ಒಡೆದಿವೆ. ಒಂದು ಜೋಡಿ ಎಲೆಕ್ಟ್ರಾನ್ ಕೆಳಗಿಳಿದು ಗಟ್ಟಿಯಾಗಿ ಕೂತಿದೆ, ಅದು ಬಂಧಕ್ಕೆ ಬರಲು ಒಪ್ಪುವುದಿಲ್ಲ. ಉಳಿದ ಮೂರು ಮೇಲೆ ಸಡಿಲವಾಗಿವೆ. ಏಳು ಹೊರ ಎಲೆಕ್ಟ್ರಾನ್ ಇದ್ದು, ಒಂದು ಸೇರಿದರೆ ಎಂಟಾಗಿ ತೃಪ್ತಿ ಅನ್ನುವ ಶಾಲೆಯ ಪಾಠ ಇಲ್ಲಿಗೆ ಸರಿಹೊಂದುವುದಿಲ್ಲ. ಕ್ಲೋರಿನ್ ಟ್ರೈಫ್ಲೋರೈಡ್ ಅಣು ಟಿ ಅಕ್ಷರದ ಆಕಾರದಲ್ಲಿದೆ. ಟೆನ್ನೆಸಿನ್‌ಗೆ ಅದೇ ಥರದ ಅಣು ಮಾಡಿದರೆ ಮೂರೂ ಫ್ಲೋರಿನ್ ಸಮ ದೂರದಲ್ಲಿ ತ್ರಿಕೋನವಾಗಿ ಕೂರುತ್ತವೆ ಅಂತ ಲೆಕ್ಕ ಹಾಕಿದವರಿದ್ದಾರೆ. ಒಂದೇ ಕಂಬ, ಆದರೆ ಅಣುವಿನ ಆಕಾರವೇ ಬೇರೆ.

ನನಗೆ ಇದೇ ಎಲ್ಲಕ್ಕಿಂತ ದೊಡ್ಡ ಆಕರ್ಷಣೆ. ಮೆಂಡೆಲೀವ್ ಕೋಷ್ಟಕ ಮಾಡಿದ್ದು ಒಂದೇ ಕಂಬದವರು ಒಂದೇ ಗುಣದವರು ಅನ್ನುವ ನಂಬಿಕೆಯ ಮೇಲೆ. ಆ ನಿಯಮ ಎಷ್ಟು ದೂರ ನಡೆಯುತ್ತೆ, ಎಲ್ಲಿ ಕೈಕೊಡುತ್ತೆ ಅಂತ ನೋಡಲು ಹೋಗಬೇಕಾದ ಜಾಗ ಈ ಏಳನೇ ಸಾಲಿನ ತುದಿ.

ಹೊಸಬ
ಇದರಿಂದ ಉಪಯೋಗ ಏನು? ಇಷ್ಟು ಹಣ, ಇಷ್ಟು ವರ್ಷ ಹಾಕಿ ಆರು ಪರಮಾಣು. ಸಿಟ್ಟಿನಿಂದ ಕೇಳ್ತಾ ಇಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕು.

ಲ್ಯಾಬ್‌ಕೋಟ್
ಟೆನ್ನೆಸಿನ್‌ನಿಂದ ನೇರ ಉಪಯೋಗ ಇಲ್ಲ. ಸಂಶೋಧನೆ ಬಿಟ್ಟರೆ ಬೇರೆ ಯಾವುದಕ್ಕೂ ಬಳಕೆ ಇಲ್ಲ. ಇದನ್ನು ಬಚ್ಚಿಡಬಾರದು. ಅಮೆರಿಸಿಯಂ ಹೊಗೆ ಪತ್ತೆಯಂತ್ರದಲ್ಲಿ, ಕ್ಯಾಲಿಫೋರ್ನಿಯಂ ನ್ಯೂಟ್ರಾನ್ ಮೂಲವಾಗಿ ಬಳಕೆಗೆ ಬಂದಿವೆ, ನಿಜ. ಆದರೆ ಅವನ್ನು ತೋರಿಸಿ 117ಕ್ಕೂ ಹಾಗೇ ಆಗುತ್ತೆ ಅನ್ನುವುದು ಸರಿಯಲ್ಲ. ಅವು ವರ್ಷಗಟ್ಟಲೆ ಉಳಿಯುವಂಥವು.

ಇದರಿಂದ ಸಿಗುವುದು ಬೀಜಕೇಂದ್ರದ ಬಗ್ಗೆ ತಿಳಿವಳಿಕೆ. ಒಂದು ಬೀಜಕೇಂದ್ರ ಎಷ್ಟು ದೊಡ್ಡದಾಗಬಹುದು? ಪ್ರೋಟಾನ್‌ಗಳು ಒಂದನ್ನೊಂದು ತಳ್ಳುವ ಬಲ ಒಂದು ಕಡೆ, ಎಲ್ಲವನ್ನೂ ಹಿಡಿದಿಡುವ ಬಲ ಇನ್ನೊಂದು ಕಡೆ. ಬರೀ ದ್ರವದ ಹನಿಯ ಹಾಗೆ ಲೆಕ್ಕ ಹಾಕಿದರೆ ಇಷ್ಟು ಭಾರದ ಬೀಜಕೇಂದ್ರ ಹುಟ್ಟಿದ ತಕ್ಷಣ ಸೀಳಿಹೋಗಬೇಕು. ಹಾಗಾಗುತ್ತಿಲ್ಲ. ಒಳಗೆ ಎಲೆಕ್ಟ್ರಾನ್‌ಗಳಿಗೆ ಇರುವಂತೆ ಪ್ರೋಟಾನ್, ನ್ಯೂಟ್ರಾನ್‌ಗಳಿಗೂ ಕವಚಗಳಿವೆ. ಕವಚ ತುಂಬಿದ ಸಂಖ್ಯೆಗಳಲ್ಲಿ ಬೀಜಕೇಂದ್ರ ಗಟ್ಟಿ. 184 ನ್ಯೂಟ್ರಾನ್ ಅಂಥ ಒಂದು ಸಂಖ್ಯೆ ಇರಬೇಕು ಅಂತ 1960ರ ದಶಕದಲ್ಲೇ ಹೇಳಿದರು. ಅದರ ಸುತ್ತಲಿನ ಪ್ರದೇಶಕ್ಕೆ ಸ್ಥಿರತೆಯ ದ್ವೀಪ ಅನ್ನುವ ಹೆಸರು.

ಟೆನ್ನೆಸಿನ್-294ರಲ್ಲಿ ಇರುವುದು 177 ನ್ಯೂಟ್ರಾನ್. 293ರಲ್ಲಿ 176. 293ರ ಅರ್ಧಾಯುಷ್ಯ ಸುಮಾರು 22 ಮಿಲಿಸೆಕೆಂಡ್, ಒಂದೇ ಒಂದು ನ್ಯೂಟ್ರಾನ್ ಜಾಸ್ತಿ ಆದಾಗ 50 ಮಿಲಿಸೆಕೆಂಡ್ ಆಸುಪಾಸು. 184ರ ಕಡೆ ಹೋದಷ್ಟೂ ಆಯುಷ್ಯ ಬೆಳೆಯುತ್ತೆ ಅನ್ನುವ ಮಾತಿಗೆ ಇದು ಅಳೆದು ಸಿಕ್ಕ ಆಧಾರ. ದ್ವೀಪದ ದಡ ಮುಟ್ಟಿದ್ದೇವೆ, ನಡುವಿಗೆ ಹೋಗಿಲ್ಲ. ಅಲ್ಲಿಗೆ ಹೋಗುವಷ್ಟು ನ್ಯೂಟ್ರಾನ್ ಹೊತ್ತ ಕಿರಣ, ಗುರಿ ಎರಡೂ ಸದ್ಯಕ್ಕೆ ನಮ್ಮ ಬಳಿ ಇಲ್ಲ.

ಹೊಸಬ
ನೇರವಾಗಿ ಹೇಳಿದ್ದಕ್ಕೆ ಧನ್ಯವಾದ. ಈ ಉತ್ತರ ನನಗೆ ಹಿಡಿಸಿತು.

ಲೆಕ್ಕಿಗ
ಮಾನ್ಯತೆ ಕೊಡುವುದು ಯಾರು? ಎಷ್ಟು ಹೊತ್ತು ಬದುಕಿದರೆ ಧಾತು ಅನ್ನುತ್ತಾರೆ?

ಹಳೇಓದುಗ
ರಸಾಯನಶಾಸ್ತ್ರ ಮತ್ತು ಭೌತಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟಗಳು ಸೇರಿ ಒಂದು ಜಂಟಿ ಸಮಿತಿ ಮಾಡುತ್ತವೆ. ಬೀಜಕೇಂದ್ರ ಕನಿಷ್ಠ 10ರ ಮೈನಸ್ 14ನೇ ಘಾತದಷ್ಟು ಸೆಕೆಂಡ್ ಉಳಿಯಬೇಕು, ಅಂದರೆ ಸೆಕೆಂಡಿನ ನೂರು ಲಕ್ಷ ಕೋಟಿಯಲ್ಲಿ ಒಂದು ಭಾಗ. ಸುತ್ತ ಎಲೆಕ್ಟ್ರಾನ್‌ಗಳು ಬಂದು ಕೂರಲು ಅಷ್ಟು ಹೊತ್ತು ಬೇಕು. ಆಗ ಮಾತ್ರ ಅದಕ್ಕೆ ರಸಾಯನ ಗುಣ ಅಂತ ಒಂದು ಇರುತ್ತೆ. ಆ ಅಳತೆಗೆ ಹೋಲಿಸಿದರೆ ಟೆನ್ನೆಸಿನ್ ದೀರ್ಘಾಯುಷಿ.

113, 115, 117, 118 ನಾಲ್ಕಕ್ಕೂ 2015ರ ಡಿಸೆಂಬರ್ 30ರಂದು ಒಟ್ಟಿಗೆ ಮಾನ್ಯತೆ ಘೋಷಣೆ ಆಯಿತು. 117ರ ಗೌರವ ಡುಬ್ನಾ, ಓಕ್ ರಿಡ್ಜ್, ಅಮೆರಿಕದ್ದೇ ಇನ್ನೊಂದು ಪ್ರಯೋಗಾಲಯ ಲಾರೆನ್ಸ್ ಲಿವರ್‌ಮೋರ್ ತಂಡಗಳಿಗೆ. ಹೆಸರುಗಳು ಪಕ್ಕಾ ಆದದ್ದು 2016ರ ನವೆಂಬರ್ 28. ಅಲ್ಲಿಗೆ ಏಳನೇ ಸಾಲು ಭರ್ತಿ.

ರಸಾಯನಪ್ರಿಯೆ
ಎಂಟನೇ ಸಾಲು? 119ಕ್ಕೆ ಇದೇ ದಾರಿ ಹಿಡಿದರೆ ಆಗುವುದಿಲ್ಲವಾ?

ಬೀಟಾಕಿರಣ
ಆಗುವುದಿಲ್ಲ, ಅದೇ ದೊಡ್ಡ ತೊಡಕು. ಕ್ಯಾಲ್ಸಿಯಂ 20. 119 ಬೇಕಾದರೆ ಗುರಿಯಲ್ಲಿ 99 ಇರಬೇಕು, ಅಂದರೆ ಐನ್‌ಸ್ಟೈನಿಯಂ. ಅದು ಸಿಗುವುದು ಮೈಕ್ರೋಗ್ರಾಂ ಲೆಕ್ಕದಲ್ಲಿ. ಗುರಿಫಲಕಕ್ಕೆ ಮಿಲಿಗ್ರಾಂಗಳು ಬೇಕು. ಹಾಗಾಗಿ ಕ್ಯಾಲ್ಸಿಯಂ ಬಿಟ್ಟು ಇನ್ನೂ ಭಾರದ ಕಿರಣ ಹಿಡಿಯಲೇಬೇಕು. ಭಾರ ಹೆಚ್ಚಿದಷ್ಟೂ ಒಂದಾಗುವ ಸಾಧ್ಯತೆ ಇಳಿಯುತ್ತೆ. ಜಿಎಸ್‌ಐನವರು ಬರ್ಕೀಲಿಯಂಗೆ ಟೈಟಾನಿಯಂ-50 ಹೊಡೆದು 119 ಹುಡುಕಿದ್ದರು, ಸಿಗಲಿಲ್ಲ. ರಿಕೆನ್‌ನವರು ಕ್ಯೂರಿಯಂಗೆ ವನೇಡಿಯಂ ಹೊಡೆಯುತ್ತಿದ್ದಾರೆ.

ಒಂದು ಒಳ್ಳೇ ಸುದ್ದಿ 2024ರಲ್ಲಿ ಬಂತು. ಬರ್ಕ್ಲಿಯವರು ಪ್ಲುಟೋನಿಯಂ-244ಕ್ಕೆ ಟೈಟಾನಿಯಂ-50 ಹೊಡೆದು 116ನೇ ಧಾತು ಲಿವರ್‌ಮೋರಿಯಂನ ಎರಡು ಪರಮಾಣು ಪಡೆದರು. ಅದು ಹೊಸ ಧಾತು ಅಲ್ಲ. ಆದರೆ ಟೈಟಾನಿಯಂ ಕಿರಣದಿಂದ ಇಷ್ಟು ಭಾರದ್ದನ್ನು ಮಾಡಬಹುದು ಅಂತ ಗೊತ್ತಾಯಿತು. ಅದೇ ಟೈಟಾನಿಯಂ ಅನ್ನು ಕ್ಯಾಲಿಫೋರ್ನಿಯಂಗೆ ಹೊಡೆದರೆ 22 ಮತ್ತು 98, ಒಟ್ಟು 120. 1999ರಲ್ಲಿ ಪೆಟ್ಟು ತಿಂದ ಲ್ಯಾಬು ಮತ್ತೆ ಈ ಹಾದಿಯಲ್ಲಿ ಗಟ್ಟಿಯಾಗಿ ನಿಂತಿರುವುದು ನೋಡಿ ನನಗೆ ನಿಜಕ್ಕೂ ಖುಷಿ ಆಯಿತು.

ಕುತೂಹಲಿ
ಎಲ್ಲರಿಗೂ ವಂದನೆ. ಕೊನೆಯದಾಗಿ ಒಂದೇ ಪ್ರಶ್ನೆ. ರಸಾಯನಪ್ರಿಯೆ ಅವರು ಹೇಳಿದ ಆ ಲೋಹದಂಥ ಗುಣವನ್ನು ಯಾವತ್ತಾದರೂ ಪ್ರಯೋಗದಲ್ಲಿ ನೋಡಲು ಆಗುತ್ತಾ? ಒಂದೊಂದೇ ಪರಮಾಣು ಇಟ್ಟುಕೊಂಡು ರಸಾಯನಶಾಸ್ತ್ರ ಮಾಡುವುದು ಸಾಧ್ಯವಾ?

ಲ್ಯಾಬ್‌ಕೋಟ್
ಒಂದೊಂದೇ ಪರಮಾಣು ಇಟ್ಟುಕೊಂಡು ಮಾಡಿದ್ದಾರೆ. ಪರಮಾಣುವನ್ನು ಅನಿಲದ ಹರಿವಿನಲ್ಲಿ ಒಂದು ಸಣ್ಣ ಕಾಲುವೆಯೊಳಗೆ ಬಿಡುತ್ತಾರೆ. ಕಾಲುವೆಯ ಗೋಡೆಯೇ ಡಿಟೆಕ್ಟರ್, ಅದಕ್ಕೆ ಗಾಜಿನಂಥ ಸಿಲಿಕಾನ್ ಡೈಆಕ್ಸೈಡ್ ಅಥವಾ ಚಿನ್ನದ ಲೇಪ. ಚುರುಕಾದ ಧಾತು ಬಾಗಿಲಲ್ಲೇ ಅಂಟಿಕೊಳ್ಳುತ್ತೆ. ಜಡವಾದದ್ದು ಒಳಗೆ ದೂರ ಹೋಗುತ್ತೆ, ಅಂಟದೆ ದಾಟಿಯೂ ಹೋಗಬಹುದು. ಅದು ಎಲ್ಲಿ ಕ್ಷಯವಾಯಿತು ಅಂತ ನೋಡಿದರೆ ಎಷ್ಟು ಬಿಗಿಯಾಗಿ ಅಂಟಿತು ಅಂತ ತಿಳಿಯುತ್ತೆ. ಕೋಪರ್ನಿಸಿಯಂ (112), ಫ್ಲೆರೋವಿಯಂ (114) ಎರಡನ್ನೂ ಹೀಗೆ ಪರೀಕ್ಷಿಸಿ, ಅವು ಸುಲಭವಾಗಿ ಆವಿಯಾಗುವಂಥವು ಅಂತ ಕಂಡುಕೊಂಡರು. 2024ರಲ್ಲಿ ಜಿಎಸ್‌ಐ ತಂಡ ನಿಹೋನಿಯಂ, ಮಾಸ್ಕೋವಿಯಂಗಳ ಫಲಿತಾಂಶ ಪ್ರಕಟಿಸಿತು. ಎರಡೂ ಪಕ್ಕದ ಫ್ಲೆರೋವಿಯಂಗಿಂತ ಚುರುಕು, ಆದರೆ ತಮ್ಮದೇ ಕಂಬದ ಮೇಲಿನ ಥಾಲಿಯಂ, ಬಿಸ್ಮತ್‌ಗಳಿಗಿಂತ ಮಂದ. ಲೆಕ್ಕಾಚಾರ ಹೇಳಿದ್ದ ಸಾಪೇಕ್ಷತೆಯ ಪರಿಣಾಮ ಕಣ್ಣಿಗೆ ಕಂಡಂತಾಯಿತು.

ಆ ಪ್ರಯೋಗದ ಮಾಸ್ಕೋವಿಯಂ (ಮೇಲೆ ಹೇಳಿದ 289 ಅಲ್ಲ, ಬೇರೆ ಐಸೊಟೋಪ್) ಬದುಕುವುದು ಸೆಕೆಂಡಿನ ಐದನೇ ಒಂದು ಭಾಗದಷ್ಟು. ಅಷ್ಟರೊಳಗೆ ಅದನ್ನು ಅನಿಲದಲ್ಲಿ ನಿಧಾನಿಸಿ ಕಾಲುವೆಗೆ ಮುಟ್ಟಿಸಬೇಕು, ಅದಕ್ಕಾಗಿ ಉಪಕರಣವನ್ನು ಕಣಗಳನ್ನು ಬೇರ್ಪಡಿಸುವ ಅಯಸ್ಕಾಂತದ ಕೋಣೆಗೇ ಒತ್ತಿ ಕೂರಿಸಿದ್ದರು. ಟೆನ್ನೆಸಿನ್-294 ಕೊಡುವುದು ಅದರ ನಾಲ್ಕನೇ ಒಂದು ಭಾಗದಷ್ಟು ಸಮಯ ಮಾತ್ರ, ಹುಟ್ಟುವುದೂ ಇನ್ನೂ ಅಪರೂಪ. ಅನಿಲದ ಹರಿವನ್ನಷ್ಟೇ ನಂಬುವ ಬದಲು ವಿದ್ಯುತ್ ಕ್ಷೇತ್ರದಿಂದ ಅಯಾನುಗಳನ್ನು ಬೇಗ ಎಳೆದುಕೊಳ್ಳುವ ಕೋಣೆಗಳ ಮೇಲೆ ಕೆಲಸ ನಡೀತಾ ಇದೆ. ಡುಬ್ನಾದಲ್ಲಿ 2019ರಲ್ಲಿ ಉದ್ಘಾಟನೆಯಾದ ಹೊಸ ವೇಗವರ್ಧಕ ಮೊದಲಿಗಿಂತ ಎಷ್ಟೋ ಜೋರಾದ ಕಿರಣ ಕೊಡುತ್ತೆ. ಇವೆರಡು ಒಂದೇ ಕಡೆ ಸೇರಿ, ಯಾರಾದರೂ ಮತ್ತೆ ಒಂದಿಷ್ಟು ಮಿಲಿಗ್ರಾಂ ಬರ್ಕೀಲಿಯಂ ಕೊಟ್ಟರೆ ಪ್ರಯತ್ನಿಸಿ ನೋಡಬಹುದು.